ಲಿನ್ ಸಾನ್ ಒತ್ತದ ಮುದ್ರೆ

ಟೋಕಿಯೋದ ಓಜಿಮಾದ ಆ ಮನೆಯಲ್ಲಿ ಅಪ್ಪನಿಗೆಂದು ಒಂದು ಕೋಣೆ ಇರಲಿಲ್ಲ. ಇದ್ದದ್ದೇ ಎರಡು ಕೋಣೆ, ಒಂದು ಅಡುಗೆಮನೆ. ಕೊರೊನಾ ಬಂದು ಆಫೀಸೆಲ್ಲ ಮನೆಗೇ ಬಂದಾಗ ಅವನು ಹಾಸಿಗೆ ಮಡಚಿಡುವ ಗೋಡೆಬೀರುವಿನ ಬಾಗಿಲು ಕಳಚಿ, ಹಾಸಿಗೆಗಳನ್ನು ನನ್ನ ಮೇಜಿನ ಕೆಳಗೆ ತಳ್ಳಿ, ನಡುವಿನ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಪಂಚೆ. ದಿನವಿಡೀ ಬೀರುವಿನೊಳಗಿಂದ ಇಂಗ್ಲಿಷ್ ಕೇಳಿಬರುತ್ತಿತ್ತು, ನಡುನಡುವೆ ‘ಹೈ, ಹೈ’ ಎಂದು ತಲೆಯಾಡಿಸುವ ಜಪಾನಿ. ಹತ್ತು ವರ್ಷ ಆ ದೇಶದಲ್ಲಿದ್ದು ಅವನು ಕಲಿತದ್ದು ಅಷ್ಟೇ: ಹೌದು ಎನ್ನಲು ಹೈ, ಕ್ಷಮಿಸಿ ಎನ್ನಲು ಸುಮಿಮಾಸೆನ್, ಥ್ಯಾಂಕ್ಸ್ ಎನ್ನಲು ಅರಿಗಾತೋ, ಆಮೇಲೆ ಸ್ಟೇಷನ್ನುಗಳ ಹೆಸರು. ಬ್ಯಾಂಕು, ಡಾಕ್ಟರು, ವಾರ್ಡ್ ಆಫೀಸು, ಎಲ್ಲಿ ಹೋದರೂ ಅವನ ಬಾಯಿ ನಾನೇ. ಎಂಟು ವರ್ಷದವಳಿದ್ದಾಗಲೇ ಗ್ಯಾಸಿನವನ ಹತ್ತಿರ ಅಪ್ಪನ ಪರವಾಗಿ ಜಗಳವಾಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ತೀರಿಸಿಕೊಂಡ ಸೇಡು ಅದರಿಂದಲೇ ಸಾಧ್ಯವಾಯಿತು. ಅಮ್ಮ ಇವತ್ತಿಗೂ ಫೋನಿನಲ್ಲಿ ‘ಅಪ್ಪನ್ನ ಕ್ಷಮಿಸಿಬಿಡೇ’ ಅನ್ನುತ್ತಾಳೆ. ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಪ್ರಯತ್ನಪಟ್ಟದ್ದೂ ಇಲ್ಲ.

ಪಕ್ಕದ ಮನೆಯಲ್ಲಿ ಲಿನ್ ಸಾನ್ ಇದ್ದರು; ‘ಸಾನ್’ ಅಂದರೆ ನಮ್ಮ ‘ಅವರು’ ಇದ್ದ ಹಾಗೆ. ಚೀನಾದವರು, ಐವತ್ತು ದಾಟಿದ ಒಂಟಿ ಹೆಂಗಸು. ಕಲ್ಲಿನಲ್ಲಿ ಮುದ್ರೆ ಕೆತ್ತುವುದು ಅವರು ಚಿಕ್ಕಂದಿನಲ್ಲಿ ಕಲಿತ ವಿದ್ಯೆ; ಟೋಕಿಯೋದಲ್ಲಿ ಅವರ ಹೊಟ್ಟೆಪಾಡು ಗ್ರಾಫಿಕ್ ಡಿಸೈನು. ಎರಡನ್ನೂ ಅವರು ಬೇರೆಬೇರೆ ಇಟ್ಟಿರಲಿಲ್ಲ. ಹೆಬ್ಬೆರಳಿನಷ್ಟು ದಪ್ಪದ ಕಲ್ಲಿನ ತುದಿಗೆ ಒಂದು ಅಕ್ಷರ ಕೆತ್ತಿ, ಕೆಂಪು ಹಚ್ಚಿ ಕಾಗದದ ಮೇಲೆ ಒತ್ತಿ, ಅದನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು, ಇನ್ನೂ ದೊಡ್ಡದು ಮಾಡುತ್ತಾ ಹೋಗುತ್ತಿದ್ದರು. ಕಣ್ಣಿಗೇ ಕಾಣದಿದ್ದ ಚಾಕುವಿನ ಏಟುಗಳು ಆಗ ಗೋಡೆಯಷ್ಟು ಎದ್ದು ಕಾಣುತ್ತಿದ್ದವು. ಪಕ್ಕದಲ್ಲಿ ಈ ಕಾಲದ ತೆಳುವಾದ ಅಚ್ಚಕ್ಷರ ಕೂರಿಸಿದರೆ ಮುಗಿಯಿತು, ಚಹಾ ಡಬ್ಬಿಯ ಮೇಲಿನ ಚಿತ್ರವೋ ನೂಡಲ್ ಅಂಗಡಿಯ ಪರದೆಯೋ ಸಿದ್ಧ. ಓಜಿಮಾ ಸ್ಟೇಷನ್ನಿನ ಹತ್ತಿರದ ಒಂದು ಅಂಗಡಿಯ ಬೋರ್ಡು ಅವರದೇ. ನಾನು ಅದರ ಮುಂದೆ ಹೋಗುವಾಗಲೆಲ್ಲ ನಮ್ಮ ಮನೆಯದೇ ಏನೋ ಎನ್ನುವಂತೆ ಬೀಗುತ್ತಿದ್ದೆ.

ನನಗೂ ಅವರಿಗೂ ನಂಟು ಬೆಳೆದದ್ದು ನನ್ನ ಹೆಸರಿನಿಂದ. ಸಿರಿ ಎಂದು ಇಟ್ಟವರಿಗೆ ಅದು ಸಂಪತ್ತು. ಜಪಾನಿ ಬಾಯಿಯಲ್ಲಿ ಅದು ‘ಶಿರಿ’ ಆಗುತ್ತದೆ, ಶಿರಿ ಎಂದರೆ ಕುಂಡಿ. ಸ್ಕೂಲಿನಲ್ಲಿ ಹಾಜರಿ ಕರೆದಾಗಲೆಲ್ಲ ಒಂದು ಸಾಲು ಮಕ್ಕಳು ಬೆಂಚಿಗೆ ಮುಖ ಒತ್ತಿಕೊಂಡು ನಗುತ್ತಿದ್ದರು. ಒಂದು ದಿನ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದವಳನ್ನು ಲಿನ್ ಸಾನ್ ಒಳಗೆ ಕರೆದು, ನಿಮ್ಮ ಲಿಪಿಯಲ್ಲಿ ಬರೆದು ತೋರಿಸು ಅಂದರು. ಬರೆದೆ. ಬಹಳ ಹೊತ್ತು ನೋಡಿದರು.

“ಎಲ್ಲ ದುಂಡಗಿದೆ. ಇದನ್ನು ಚೌಕದೊಳಗೆ ಹೇಗೆ ಕೂರಿಸುವುದು? ಒಳ್ಳೇ ತೊಂದರೆ ಕೊಟ್ಟೆ ಮಗು ನೀನು.”

ಮೂರು ದಿನ ಬಿಟ್ಟು ನನ್ನ ಕೈಗೆ ಒಂದು ಪುಟ್ಟ ಕಲ್ಲು ಕೊಟ್ಟರು. ಒತ್ತಿದರೆ ಕೆಂಪು ಚೌಕದಲ್ಲಿ ‘ಸಿರಿ’. ಗುಡಿಸುಗಳೆರಡೂ ಮೂಲೆಗೆ ಒತ್ತಿಕೊಂಡು ಕೂತಿದ್ದವು. ಆ ಮೇಲೆ ಸ್ಕೂಲಿನಿಂದ ಬಂದವಳು ನೇರ ಅವರ ಮನೆಗೇ ಹೋಗುತ್ತಿದ್ದೆ. ಮಕ್ಕಳ ಕೈಗೆ ಕಲ್ಲು ಕೆತ್ತುವ ಚಾಕು ಕೊಡಬಾರದೆಂದು ರಬ್ಬರು ಕೊಟ್ಟರು, ಪೆನ್ಸಿಲ್ ಗೆರೆ ಒರೆಸುವ ಬಿಳೀ ರಬ್ಬರು. ಅಕ್ಷರವನ್ನು ಉಲ್ಟಾ ಕೆತ್ತಬೇಕು, ಆಗ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ ಅನ್ನುವುದು ಮೊದಲನೇ ಪಾಠ. ಎರಡನೇ ಪಾಠವನ್ನು ಅವರು ಮಾಡಿಯೇ ತೋರಿಸಿದರು. ವಾರಗಟ್ಟಲೆ ಕೂತು ಕೆತ್ತಿದ ಮುದ್ರೆಯ ಅಂಚಿಗೆ ಅವರು ಚಾಕುವಿನ ಹಿಡಿಯಿಂದ ಟಕ್ಕೆಂದು ಹೊಡೆದು ಮೂಲೆ ಮುರಿದುಬಿಟ್ಟರು.

“ಅಯ್ಯೋ, ಯಾಕೆ?”

“ಕಂಪ್ಯೂಟರಿನ ಗೆರೆಗೆ ದಣಿವೇ ಇಲ್ಲ. ಕಲ್ಲಿನ ಗೆರೆಗೆ ದಣಿವು ಇರಬೇಕು. ಇಲ್ಲದಿದ್ದರೆ ಎರಡಕ್ಕೂ ಏನು ವ್ಯತ್ಯಾಸ?”

ಅವರ ಸ್ವಂತದ ಮುದ್ರೆಯೂ ಹಾಗೆಯೇ. ಲಿನ್ ಎಂದರೆ ಕಾಡು; ಹಳೇ ಲಿಪಿಯಲ್ಲಿ ಅಕ್ಕಪಕ್ಕ ನಿಂತ ಎರಡು ಮರ, ಒಂದರಂತೆ ಇನ್ನೊಂದು. ಒತ್ತಿದಾಗ ಬಲಗಡೆಯ ಮೇಲಿನ ಮೂಲೆ ಮುರಿದಂತೆ ಕಾಣುತ್ತಿತ್ತು. ಇಷ್ಟು ನೆನಪಿಟ್ಟುಕೊಳ್ಳಿ, ಸಾಕು.

ಆ ವರ್ಷ ನಮ್ಮ ಮಹಡಿಯ ಹೊಣೆ ಅಪ್ಪನ ಸರದಿಗೆ ಬಂತು. ಆ ಹೊಣೆ ಹೊತ್ತವನನ್ನು ಜಪಾನಿಯಲ್ಲಿ ‘ಹಂಚೋ’ ಅನ್ನುತ್ತಾರೆ, ಗುಂಪಿನ ಮುಖ್ಯಸ್ಥ. ಅಪ್ಪ ಇದನ್ನು ಎಲ್ಲರಿಗೂ ಫೋನ್ ಮಾಡಿ ಹೇಳಿದ: ‘ಹಂಚೋ ಕೆಲಸ ಕಣ್ರೀ, ಅದಕ್ಕೇ ಹಂಚೋ ಅಂತ ಹೆಸರು!’ ಅವನು ಹಂಚಬೇಕಾಗಿದ್ದದ್ದು ಕೈರಾನ್‌ಬಾನ್. ಕಟ್ಟಡದ ನೋಟೀಸುಗಳನ್ನು ಸಿಕ್ಕಿಸಿದ ಒಂದು ಹಲಗೆ ಅದು. ಒಂದು ಮನೆಯವರು ಓದಿ, ತಮ್ಮ ಹೆಸರಿನ ಚೌಕದಲ್ಲಿ ಮುದ್ರೆ ಒತ್ತಿ, ಪಕ್ಕದ ಮನೆಯ ಬಾಗಿಲಿಗೆ ಒಯ್ದು ಕೊಡಬೇಕು. ಎಲ್ಲ ಚೌಕವೂ ತುಂಬಿ ಹಲಗೆ ಕೆಳಗಿನ ಆಫೀಸಿಗೆ ವಾಪಸ್ಸು ಹೋಗಬೇಕು. ಹಲಗೆಯ ಸರದಿಯಲ್ಲಿ ನಮ್ಮ ನಂತರದ ಮನೆ ಲಿನ್ ಸಾನ್ ಅವರದು. ಮಹಡಿಯಲ್ಲಿ ಹಂಚೋ ಆದ ಮೊದಲ ಇಂಡಿಯನ್ ಎಂದು ಅಪ್ಪನಿಗೆ ಕೊಂಬು ಬಂದಿತ್ತು. ನಮ್ಮ ಒಗ್ಗರಣೆಯ ವಾಸನೆಗೆ ಕಿಟಕಿ ಮುಚ್ಚುತ್ತಿದ್ದ ಕೊನೇ ಮನೆಯ ಮುದುಕಿಯೂ ಈಗ ಅವನಿಗೆ ಬಗ್ಗಿ ನಮಸ್ಕರಿಸುತ್ತಿದ್ದಳು.

ಯುಗಾದಿಗೆ ಸ್ಕೂಲು ಮುಚ್ಚಿತ್ತು. ಬೇವಿನ ಎಲೆ ಸಿಗದೆ ಅಮ್ಮ ಹಾಗಲಕಾಯಿಯ ಚೂರನ್ನು ಬೆಲ್ಲದ ಜೊತೆ ಕೊಟ್ಟಳು. ಪ್ರತಿ ವರ್ಷದ ಹಾಗೆ ಎರಡು ಒಬ್ಬಟ್ಟಿಗೆ ತುಪ್ಪ ಸವರಿ, ತಟ್ಟೆಗೆ ಫಾಯಿಲ್ ಮುಚ್ಚಿ ಹೊರಟಳು. ಅಪ್ಪ ಬೀರುವಿನಿಂದ ಎದ್ದು ಬಂದ.

“ಎಲ್ಲಿಗೆ?”

“ಲಿನ್ ಅವರಿಗೆ ರೀ. ಹಬ್ಬ ಅಲ್ವಾ?”

“ಈ ವರ್ಷ ಬೇಡ. ಸಿರೀನೂ ಅಲ್ಲಿಗೆ ಹೋಗೋದು ಬೇಡ.”

“ಅವರು ಚೀನಾಕ್ಕೆ ಹೋಗಿ ನಾಲ್ಕು ವರ್ಷ ಆಯ್ತು. ಅವರಿಗೆಲ್ಲಿಂದ ಬರುತ್ತೆ ಕೊರೊನಾ?”

“ನನಗೆ ಗೊತ್ತು ಕಣೇ. ಆದ್ರೆ ಜನ ನೋಡ್ತಾ ಇರ್ತಾರೆ. ನಮ್ಮನ್ನ ಈಗ ತಾನೇ ಒಳ್ಳೆ ಫಾರಿನರ್ಸ್ ಅಂತ ಅಂದ್ಕೊಂಡಿದಾರೆ. ಇಲ್ಲೇ ಪರ್ಮನೆಂಟಾಗಿ ಇರಕ್ಕೆ ಪಿಆರ್ ಅಪ್ಲಿಕೇಶನ್ ಹಾಕಿದೀವಿ. ಸುಮ್ನೆ ಯಾಕೆ ಬೇಕು?”

ಅಮ್ಮ ತಟ್ಟೆಯನ್ನು ಒಲೆಯ ಪಕ್ಕ ಇಟ್ಟಳು. ಆ ಒಬ್ಬಟ್ಟನ್ನು ಸಂಜೆ ಅಪ್ಪನೇ ತಿಂದ. ಗಮನಿಸಿ, ಯಾರೂ ಅವನಿಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಮಹಡಿಯ ಒಬ್ಬ ಜಪಾನಿಯೂ ಲಿನ್ ಸಾನ್ ಬಗ್ಗೆ ಒಂದು ಮಾತಾಡಿರಲಿಲ್ಲ. ಯಾರಾದರೂ ಹೇಳಿಯಾರು ಎಂದು ಇವನೇ ಮುಂಚಿತವಾಗಿ ಹೆದರಿ, ಅವರ ಪರವಾಗಿ ಇವನೇ ಕ್ರೂರಿಯಾದ. ನನಗೆ ಮೈ ಉರಿಯುವುದು ಅದಕ್ಕೇ.

ಆಮೇಲೆ ಹಲಗೆಯೂ ಆ ಬಾಗಿಲು ದಾಟಿಕೊಂಡು ಹೋಗತೊಡಗಿತು. ಅಪ್ಪ ಅದನ್ನು ಲಿನ್ ಸಾನ್ ಮನೆಗೆ ಕೊಡದೆ ಅದರಾಚೆಯ ಮನೆಗೆ ತಾನೇ ಒಯ್ದು ಕೊಟ್ಟ. ಮೊದಲ ಸಲ ಆ ಒಂದು ಚೌಕ ಖಾಲಿ ಇದೆ ಎಂದು ಆಫೀಸಿನಿಂದ ಹಲಗೆ ತಿರುಗಿ ಬಂತು. ಅಪ್ಪ ಅದನ್ನು ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತ. ಅವನಿಗೆ ಕೆಲಸ ಆಗಬೇಕಾದಾಗ ಮಾತ್ರ ನಾನು ಪುಟ್ಟ.

“ಪುಟ್ಟಾ, ನೀನು ರಬ್ಬರಲ್ಲಿ ಸೂಪರಾಗಿ ಕಾರ್ವ್ ಮಾಡ್ತೀಯಲ್ಲ. ಲಿನ್ ಆಂಟಿ ಸೀಲ್ ಮಾಡಕ್ಕೆ ಬರುತ್ತಾ?”

“ಬರುತ್ತೆ. ಅದು ಈಸಿ. ಎರಡು ಮರ ಅಷ್ಟೇ.”

“ಮಾಡು ನೋಡಣ. ಸೇಮ್ ಟು ಸೇಮ್ ಇರ್ಬೇಕು.”

ಹಳೆಯ ನೋಟೀಸಿನ ಮೇಲಿದ್ದ ಗುರುತು ನೋಡಿಕೊಂಡು ಒಂದೇ ಮಧ್ಯಾಹ್ನ ಕೆತ್ತಿಬಿಟ್ಟೆ. ಎರಡೂ ಮರ ಒಂದೇ ಥರ ಇದ್ದದ್ದರಿಂದ ಉಲ್ಟಾ ಮಾಡುವ ತಲೆನೋವೇ ಇರಲಿಲ್ಲ. ಮೂಲೆಯನ್ನು ಮರೆಯದೆ ಚಿವುಟಿದೆ. ಅಪ್ಪ ಕೆಂಪು ಪ್ಯಾಡಿಗೆ ಅದ್ದಿ ಖಾಲಿ ಚೌಕದಲ್ಲಿ ಒತ್ತಿ, ನನ್ನ ತಲೆ ಸವರಿ, ಕೊಂಬಿನಿ ಅಂಗಡಿಯಿಂದ ಐಸ್‌ಕ್ರೀಮ್ ತಂದುಕೊಟ್ಟ. ಯಾಕೆ ಎಂದು ನಾನು ಕೇಳಲಿಲ್ಲ. ಹತ್ತು ವರ್ಷದವಳಿಗೆ ಗೊತ್ತಿರಲಿಲ್ಲ ಎಂದು ಬರೆದು ತಪ್ಪಿಸಿಕೊಳ್ಳಬಹುದು, ಆದರೆ ಅದು ಸುಳ್ಳು. ಗೊತ್ತಿತ್ತು. ಅಪ್ಪನ ಹೊಗಳಿಕೆ ಅದಕ್ಕಿಂತ ರುಚಿಯಾಗಿತ್ತು. ನನ್ನಲ್ಲಿ ಇದ್ದ ಒಂದೇ ಒಂದು ವಿದ್ಯೆಯನ್ನು ಅದನ್ನು ಕಲಿಸಿದವರ ವಿರುದ್ಧವೇ ಅವನು ಬಳಸಿದ, ನಾನು ಐಸ್‌ಕ್ರೀಮ್ ನೆಕ್ಕುತ್ತಾ ಕೂತಿದ್ದೆ. ಆ ರಬ್ಬರು ಇನ್ನೂ ನಾಲ್ಕು ಸಲ ಹಲಗೆಯ ಮೇಲೆ ಒತ್ತಿಸಿಕೊಂಡಿತು.

ಅಷ್ಟರಲ್ಲಿ ಲಿನ್ ಸಾನ್ ನನ್ನನ್ನು ಬಿಟ್ಟಿರಲಿಲ್ಲ. ನಮ್ಮಿಬ್ಬರ ಬಾಲ್ಕನಿಗಳ ನಡುವೆ ತೆಳುವಾದ ಒಂದು ತಡಿಕೆ, ಅದರ ಕೆಳಗೆ ಒಂದು ಗೇಣು ಸಂದು. ಬೆಳಿಗ್ಗೆ ಬಟ್ಟೆ ಒಣಗಿಸಲು ಹೋದಾಗ ಆ ಸಂದಿನಲ್ಲಿ ನನಗೊಂದು ಹಾಳೆ ಬಂದಿರುತ್ತಿತ್ತು, ಕೆತ್ತಲು ಹೊಸ ಅಕ್ಷರ. ನಾನು ಒತ್ತಿ ತಳ್ಳಿದ್ದನ್ನು ಅವರು ತಿದ್ದಿ ಮರಳಿ ತಳ್ಳುತ್ತಿದ್ದರು. ಯಾಕೆ ಬರುತ್ತಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಅಂಗಡಿಗಳೆಲ್ಲ ಮುಚ್ಚಿ ಅವರಿಗೆ ಕೆಲಸವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಆ ಬೇಸಿಗೆಯಲ್ಲಿ ಅವರ ಹತ್ತಿರ ಇದ್ದದ್ದು ನಾನು ಮತ್ತು ಬಾಗಿಲ ಪಕ್ಕದ ಮೂರು ಕ್ರೇಟು ಕಲ್ಲು.

ಕಲ್ಲು ಅಂದರೆ ಸುಮ್ಮನೆ ಕಲ್ಲಲ್ಲ. ಮೂವತ್ತು ವರ್ಷ ಊರೂರು ಸುತ್ತಿ ಒಂದೊಂದಾಗಿ ಆರಿಸಿ ತಂದದ್ದು. ಕೆಲವು ಮೇಣದ ಬಣ್ಣ, ಕೆಲವು ಬೆಲ್ಲದ ಬಣ್ಣ. ವಿದ್ಯಾರ್ಥಿಯಾಗಿದ್ದಾಗ ಕೆತ್ತಿದ್ದವೂ ಅದರಲ್ಲೇ ಇದ್ದವು. ಮನೆಯೊಳಗೆ ಜಾಗವಿಲ್ಲದೆ, ಎಲ್ಲರೂ ಛತ್ರಿ, ಸೈಕಲ್ಲು ಇಡುವ ಹಾಗೆ, ಅವರು ಕ್ರೇಟುಗಳನ್ನು ಕಾರಿಡಾರಿನಲ್ಲಿ ಪೇರಿಸಿಟ್ಟಿದ್ದರು. ಐದನೇ ಸಲದ ಹಲಗೆಯಲ್ಲಿ ಬಂದ ನೋಟೀಸು ಅದರ ಬಗ್ಗೆಯೇ: ಕಾರಿಡಾರಿನಲ್ಲಿ ಇಟ್ಟ ಸಾಮಾನನ್ನೆಲ್ಲ ಶುಕ್ರವಾರದೊಳಗೆ ಒಳಗೆ ತೆಗೆದುಕೊಳ್ಳಿ, ಉಳಿದದ್ದನ್ನು ಕಸದ ಗಾಡಿ ಒಯ್ಯುತ್ತದೆ. ಅದನ್ನು ಅಪ್ಪನಿಗೆ ಓದಿ ಹೇಳಿದವಳು ನಾನೇ. ಗುರುವಾರ ಸಂಜೆ ಅಪ್ಪ ನನ್ನ ಸೈಕಲ್ಲು, ಅಮ್ಮನ ತುಳಸಿ ಕುಂಡ, ಚಪ್ಪಲಿ ಸ್ಟ್ಯಾಂಡು ಎಲ್ಲ ಒಳಗೆ ತಂದ.

“ಅಪ್ಪ, ಲಿನ್ ಸಾನ್‌ದು?”

“ಅವರು ನೋಡ್ಕೋತಾರೆ ಬಿಡು.”

“ಅವರಿಗೆ ಗೊತ್ತಾ?”

“ಸಿರೀ, ಕೈ ತೊಳ್ಕೊಂಡು ಊಟಕ್ಕೆ ಕೂತ್ಕೋ.”

ಕೈ ತೊಳೆದುಕೊಂಡೆ. ಹುಳಿ ಅನ್ನ ಉಂಡೆ. ಅವರ ಬಾಗಿಲ ಗಂಟೆ ಒತ್ತಿದ್ದರೆ, ಬಾಲ್ಕನಿಯ ಸಂದಿನಲ್ಲಿ ಒಂದು ಚೀಟಿ ತಳ್ಳಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ಬೈಯುತ್ತಾನೆಂದು ಸುಮ್ಮನಿದ್ದೆ. ಮಾರನೇ ದಿನ ಲಿನ್ ಸಾನ್ ಪೋಸ್ಟ್ ಆಫೀಸಿಗೆ ಹೋಗಿದ್ದಾಗ ಇಬ್ಬರು ಕೆಲಸಗಾರರು ಕೈಗಾಡಿ ತಂದು ಮೂರೂ ಕ್ರೇಟು ಎತ್ತಿಕೊಂಡು ಹೋದರು. ಒಂದಕ್ಕೊಂದು ಬಡಿದುಕೊಳ್ಳುತ್ತಾ ಕಲ್ಲುಗಳು ಲಿಫ್ಟಿನವರೆಗೂ ಸದ್ದು ಮಾಡಿದವು. ಲಿನ್ ಸಾನ್ ವಾಪಸ್ಸು ಬಂದದ್ದು ನಮ್ಮ ಬಾಗಿಲ ಕಿಂಡಿಯಿಂದ ಕಂಡಿತು. ಬರಿದಾದ ನೆಲದ ಮುಂದೆ ನಿಂತರು. ಚೀಲವನ್ನು ಕೆಳಗಿಟ್ಟರು. ಆಮೇಲೆ ಮೆಟ್ಟಿಲಿನಲ್ಲಿ ಅವರು ಓಡುವ ಸದ್ದು ಕೇಳಿಸಿತು, ಒಂಬತ್ತು ಮಹಡಿ. ಕಸದ ಗಾಡಿ ಆಗಲೇ ಹೊರಟುಹೋಗಿತ್ತು.

ಕಟ್ಟಡದ ಸಂಘದ ಅಧ್ಯಕ್ಷರು ಓನೋ ಸಾನ್ ಎಂಬ ಮುದುಕರು. ಅವರು ಹಾಳೆ ತೆಗೆದು ತೋರಿಸಿದರಂತೆ: ನೋಡಿ, ನೀವು ಓದಿ ಮುದ್ರೆ ಒತ್ತಿದ್ದೀರಿ. ಲಿನ್ ಸಾನ್ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಇದು ನನ್ನದಲ್ಲ ಅಂದರು. ಜಪಾನಿನಲ್ಲಿ ಅದು ಸಣ್ಣ ಮಾತಲ್ಲ. ಭಾನುವಾರ ಮಹಡಿಯವರ ಸಭೆ ಕರೆದರು, ಹಂಚೋ ಬಂದು ಉತ್ತರ ಹೇಳಬೇಕು. ಆ ಎರಡು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿದರೂ ಯಾರೂ ಸರಿಯಾಗಿ ಉಣ್ಣಲಿಲ್ಲ.

“ಹೋಗಿ ಕಾಲಿಗೆ ಬಿದ್ದು ಸಾರಿ ಕೇಳಿ ರೀ,” ಅಂದಳು ಅಮ್ಮ. “ಪಾಪ ಆ ಹೆಂಗಸು ಏನ್ ಮಾಡಿತ್ತು ನಿಮಗೆ?”

“ಸೀಲ್ ಫೋರ್ಜರಿ ಅಂದ್ರೆ ಇಲ್ಲಿ ಕ್ರೈಮ್ ಕಣೇ! ಪಿಆರ್ ಹೋಯ್ತು, ಕೆಲ್ಸ ಹೋಯ್ತು, ಸಿರಿ ಸ್ಕೂಲ್ ಹೋಯ್ತು. ಅವರಿಗೇನು, ಮರೆತುಹೋಗಿದೆ ಅಂದ್ರೆ ಆಯ್ತು.”

“ಅವರನ್ನ ಸುಳ್ಳಿ ಮಾಡ್ತೀರಾ?”

“ನನ್ನ ಮನೆ ಉಳಿಸ್ಕೋತೀನಿ.”

ಅವನ ಹೆದರಿಕೆ ನಿಜವಾದದ್ದೇ, ಒಪ್ಪುತ್ತೇನೆ. ಆದರೆ ಅದಕ್ಕೆ ಬೆಲೆ ತೆರಬೇಕಾದವರು ಲಿನ್ ಸಾನ್ ಏಕೆ? ರಬ್ಬರನ್ನು ಅವನು ಅಷ್ಟರಲ್ಲೇ ಚೂರುಚೂರು ಮಾಡಿ ಕಸಕ್ಕೆ ಹಾಕಿದ್ದ. ಹಾಕುವ ಮೊದಲು ಒಮ್ಮೆ ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಒತ್ತಿ, ಲಿನ್ ಸಾನ್ ಹಿಂದೆ ಒತ್ತಿಕೊಟ್ಟದ್ದರ ಪಕ್ಕ ಇಟ್ಟು ನೋಡಿದ್ದೆ. ಮರಗಳು ಸರಿಯಾಗಿದ್ದವು. ಮುರಿದ ಮೂಲೆ ಎಡಕ್ಕಿತ್ತು. ಕಾಗದದ ಮೇಲೆ ಕಂಡ ಕಡೆಯಲ್ಲೇ ರಬ್ಬರಿನ ಮೂಲೆಯನ್ನೂ ಚಿವುಟಿದ್ದೆ, ಒತ್ತಿದಾಗ ಅದು ಆಚೆಗೆ ಹೋಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಅಂಥ ತಪ್ಪು ಮಾಡುವ ಶಿಷ್ಯೆ ಅವರಿಗೆ ಇದ್ದದ್ದು ಒಬ್ಬಳೇ. ಹಾಳೆ ನೋಡಿದ ಗಳಿಗೆಯಲ್ಲೇ ಅವರಿಗೆ ಯಾರ ಕೈ ಎಂದು ಗೊತ್ತಾಗಿತ್ತು. ಆದರೂ ಓನೋ ಸಾನ್‌ಗೆ ನನ್ನ ಹೆಸರು ಹೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನೆಲಮಹಡಿಯ ಸಭಾಂಗಣ. ಕಿಟಕಿಗಳೆಲ್ಲ ತೆರೆದಿದ್ದವು, ಕುರ್ಚಿಗಳು ದೂರದೂರ, ಎಲ್ಲರ ಮುಖಕ್ಕೂ ಮಾಸ್ಕು. ಮನೆಗೊಬ್ಬರು ಮಾತ್ರ. ನಮ್ಮ ಮನೆಯಿಂದ ಇಬ್ಬರು, ಏಕೆಂದರೆ ಅಪ್ಪನಿಗೆ ಬಾಯಿ ಬೇಕಿತ್ತು. ಅವನು ಕೋಟು ಹಾಕಿಕೊಂಡಿದ್ದ. ಎಷ್ಟು ಬಗ್ಗಬೇಕು ಎಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದ. ಲಿನ್ ಸಾನ್ ಕಿಟಕಿಯ ಪಕ್ಕ ಕೂತು ತಮ್ಮ ಕೈಗಳನ್ನೇ ನೋಡುತ್ತಿದ್ದರು.

“ಹೇಳು ಪುಟ್ಟಾ,” ಅಂದ ಅಪ್ಪ. “ಪ್ರತಿ ಸಲಾನೂ ನಾನೇ ಕೈಯಾರೆ ಲಿನ್ ಸಾನ್‌ಗೆ ಬೋರ್ಡ್ ಕೊಟ್ಟಿದೀನಿ, ನನ್ನ ಎದುರಿಗೇ ಸೀಲ್ ಒತ್ತಿದಾರೆ ಅನ್ನು. ಒಂಟಿಯಾಗಿದಾರೆ, ಟೆನ್ಶನ್ನು, ಮರ್ತಿರಬಹುದು ಅನ್ನು. ನಮಗೂ ತುಂಬ ಬೇಜಾರಾಗಿದೆ ಅನ್ನು.”

ಎದ್ದು ನಿಂತೆ. ನನ್ನಲ್ಲಿ ಇದ್ದದ್ದು ಎರಡು ದಿನದ ಸಿಟ್ಟು. ಏನು ಹೇಳಬೇಕೆಂದು ರಾತ್ರಿಯೇ ಗಟ್ಟಿ ಮಾಡಿಕೊಂಡಿದ್ದೆ. ಅಪ್ಪನಿಗೆ ಅನುಮಾನ ಬರುವಂಥ ಪದ ಒಂದೂ ಬರದ ಹಾಗೆ ನೋಡಿಕೊಂಡಿದ್ದೆ. ‘ಒತೋಸಾನ್’ ಎಂದರೆ ಅಪ್ಪ ಎಂದು ಅವನಿಗೆ ಗೊತ್ತು. ಹೊರಗಿನವರ ಮುಂದೆ ವಿನಯದಿಂದ ಸ್ವಂತ ಅಪ್ಪನನ್ನು ಹೇಳುವುದಕ್ಕೆ ಬೇರೆ ಪದವಿದೆ, ‘ಚಿಚಿ’. ಅದು ಅವನಿಗೆ ಗೊತ್ತಿರಲಿಲ್ಲ.

“ಹಲಗೆ ಲಿನ್ ಸಾನ್ ಮನೆಗೆ ಒಂದು ಸಲವೂ ಹೋಗಿಲ್ಲ,” ಎಂದು ಜಪಾನಿಯಲ್ಲಿ ಹೇಳಿದೆ. “ಅವರು ಚೀನಾದವರೆಂದು ಚಿಚಿ ಕೊಡಲಿಲ್ಲ. ಅವರ ಗುರುತನ್ನು ನಕಲಿಯಾಗಿ ಕೆತ್ತು ಎಂದು ಚಿಚಿ ನನಗೆ ಹೇಳಿದರು. ಕೆತ್ತಿದವಳು ನಾನು. ಐದು ಸಲ ಒತ್ತಿದವರು ಚಿಚಿ. ಲಿನ್ ಸಾನ್ ಹೇಳಿದ್ದೆಲ್ಲ ನಿಜ. ಚಿಚಿ ಈಗ ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳುತ್ತಾರೆ.”

ಇಷ್ಟು ಹೇಳಿ ಅಪ್ಪನ ಕಡೆ ತಿರುಗಿ ತಲೆಯಾಡಿಸಿದೆ. ಅವನು ‘ಹೈ’ ಎಂದು ಸೊಂಟದವರೆಗೆ ಬಗ್ಗಿದ. ಚೆನ್ನಾಗಿ ಬಗ್ಗಿದ, ಅಭ್ಯಾಸ ಮಾಡಿದ್ದನಲ್ಲ. ಬಗ್ಗಿಕೊಂಡೇ ಇದ್ದ. ಅಬ್ಬಾ, ಆ ಒಂದು ನಿಮಿಷದ ಸುಖವನ್ನು ಏನೆಂದು ಹೇಳಲಿ! ಅಷ್ಟು ಜನರ ಮುಂದೆ, ತನಗೇ ತಿಳಿಯದೆ, ಅವನು ತನ್ನ ತಪ್ಪಿಗೆ ತಲೆಬಾಗಿ ನಿಂತಿದ್ದ. ಇವತ್ತಿಗೂ ನೆನೆದರೆ ಮೈ ಬಿಸಿಯಾಗುತ್ತದೆ.

ಆದರೆ ನನ್ನ ಲೆಕ್ಕ ತಪ್ಪಿತ್ತು. ಉಗಿಯುತ್ತಾರೆ, ಪೊಲೀಸರನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಓನೋ ಸಾನ್ ಎದ್ದು ಅಪ್ಪನಿಗೇ ಬಗ್ಗಿ ನಮಸ್ಕರಿಸಿದರು. ಸ್ವಂತ ಮಗಳ ಬಾಯಿಂದಲೇ ಎಲ್ಲರೆದುರು ತಪ್ಪೊಪ್ಪಿಕೊಳ್ಳಲು ಎಂಥ ಧೈರ್ಯ ಬೇಕು ಎಂದರು. ವಿಷಯವನ್ನು ಇಲ್ಲಿಗೇ ಬಿಡೋಣ, ಲಿನ್ ಸಾನ್‌ಗೆ ಸಂಘದಿಂದ ಕ್ಷಮಾಪಣೆ ಪತ್ರ ಕೊಡೋಣ ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಅಪ್ಪನಿಗೆ ತಲೆಬಾಗಿದರು. ಬಾಗದೆ ಕೂತಿದ್ದವರು ಲಿನ್ ಸಾನ್ ಒಬ್ಬರೇ. ಹೋಗುವಾಗ ನನ್ನ ಮುಂದೆ ನಿಂತರು. ಮಾಸ್ಕಿನ ಮೇಲೆ ಬರೀ ಕಣ್ಣು.

“ಮೂಲೆಯನ್ನೂ ತಿರುಗಿಸಿ ಕೆತ್ತಬೇಕು, ಸಿರಿ-ಚಾನ್.”

ಅಷ್ಟೇ. ಮಕ್ಕಳನ್ನು ಮುದ್ದಿಗೆ ಕರೆಯುವ ‘ಚಾನ್’ ಅದರಲ್ಲಿತ್ತು, ಆದರೂ ಬೈಗುಳವೋ ಪಾಠವೋ ಇವತ್ತಿಗೂ ಗೊತ್ತಿಲ್ಲ. ತಿಂಗಳೊಳಗೆ ಒಕಾಜಾಕಿ ಕಡೆ ಮನೆ ಬದಲಾಯಿಸಿಕೊಂಡು ಹೋದರು. ಹೊರಡುವ ದಿನ ನಾನು ಗಂಟೆ ಒತ್ತಿದೆ, ಅವರು ಬಾಗಿಲು ತೆರೆಯಲಿಲ್ಲ. ಮುದ್ರೆಯನ್ನೂ ಅಚ್ಚಕ್ಷರವನ್ನೂ ಒಟ್ಟಿಗೆ ಕೂರಿಸುವ ಕೆಲಸವೇ ಈಗ ನನ್ನ ಅನ್ನ. ಅದಕ್ಕೆ ಅವರಿಗೆ ಒಂದು ಅರಿಗಾತೋ ಹೇಳುವ ಯೋಗ್ಯತೆಯನ್ನೂ ಅಪ್ಪ ನನಗೆ ಉಳಿಸಲಿಲ್ಲ.

ಸಭೆ ಮುಗಿದು ಲಿಫ್ಟಿನಲ್ಲಿ ಅಪ್ಪ ಬೆವರು ಒರೆಸಿಕೊಂಡು ನಗುತ್ತಿದ್ದ.

“ಸೂಪರ್ ಪುಟ್ಟಾ! ಎಷ್ಟು ರೆಸ್ಪೆಕ್ಟ್ ಕೊಟ್ರು ನೋಡಿದ್ಯಾ? ಅದೇನೋ ಮಧ್ಯಮಧ್ಯ ಛೀ ಛೀ ಅಂತಿದ್ಯಲ್ಲ, ಏನದು?”

“ಜಪಾನಿ ಪದ ಅಪ್ಪ. ತುಂಬ ಮರ್ಯಾದೆ ಕೊಡುವಾಗ ಹೇಳೋದು.”

ಮರುದಿನ ಕೊನೇ ಮನೆಯ ಮುದುಕಿ ಅಮ್ಮನನ್ನು ನಿಲ್ಲಿಸಿ, ನಿಮ್ಮ ಯಜಮಾನರು ದೊಡ್ಡ ಮನುಷ್ಯರು ಎಂದು ಎಲ್ಲವನ್ನೂ ಹೇಳಿದಳು. ಅಮ್ಮನಿಗೆ ಜಪಾನಿ ಮಾತಾಡಲು ಬರದಿದ್ದರೂ ಕೇಳಿದರೆ ಅರ್ಥವಾಗುತ್ತಿತ್ತು. ಮನೆಗೆ ಬಂದವಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಪಿಸುಗುಟ್ಟಿದಳು.

“ಅಪ್ಪನಿಗೆ ಯಾವತ್ತೂ ಹೇಳ್ಬೇಡ ಕಣೇ. ಗೊತ್ತಾದ್ರೆ ತಡ್ಕೊಳ್ಳಲ್ಲ.”

ಹೇಳಲಿಲ್ಲ. ಪಿಆರ್ ಬಂತು. ಅಪ್ಪ ಆ ಗೌರವದಲ್ಲಿ ವರ್ಷಗಟ್ಟಲೆ ಮಿಂದ. ಬಂದವರಿಗೆಲ್ಲ ಆ ಕತೆ ಹೇಳುತ್ತಿದ್ದ, ಈಗಲೂ ಹೇಳುತ್ತಾನೆ: ಪಕ್ಕದಲ್ಲಿ ಒಬ್ಬಳು ಚೈನೀಸ್ ಹೆಂಗಸಿದ್ದಳು, ಮಹಾ ಸುಳ್ಳಿ, ನನ್ನ ಮೇಲೇ ಅಪವಾದ ಹಾಕೋಕೆ ಬಂದಳು, ಜಪಾನೀಸ್ ಜನ ನನ್ನನ್ನೇ ನಂಬಿದರು. ಮೊನ್ನೆ ದೀಪಾವಳಿಗೆ ನನ್ನ ಎದುರಿನಲ್ಲೇ, ನನ್ನ ಸ್ನೇಹಿತರಿಗೆ ಹೇಳಿದ. ಅಮ್ಮ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡೆ.

ನಾನು ದಿನವಿಡೀ ಜಪಾನಿಯಲ್ಲಿ ಯೋಚಿಸುವವಳು. ಇದನ್ನು ಜಪಾನಿಯಲ್ಲೇ ಬರೆದಿದ್ದರೆ ಇದರ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಆದರೆ ಜಪಾನಿ ಬಲ್ಲವರಿಗೆ ಈ ಸಂಗತಿ ಅವತ್ತೇ ಗೊತ್ತಾಗಿದೆ. ಗೊತ್ತಾಗಬೇಕಾದವನು ಕನ್ನಡ ಓದುತ್ತಾನೆ. ಅದಕ್ಕೇ ಒಂದೊಂದು ಒತ್ತಕ್ಷರವನ್ನೂ ತಡವರಿಸಿಕೊಂಡು, ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಅಪ್ಪ, 'ಚಿಚಿ' ಎಂದರೆ ನೀನು. ಆ ಸಭೆಯಲ್ಲಿ ಇದ್ದವರಿಗೆಲ್ಲ ನೀನು ಮಾಡಿದ್ದು ಗೊತ್ತಿತ್ತು. ಗೊತ್ತಿಲ್ಲದೆ ಬಗ್ಗಿ ನಿಂತಿದ್ದವನು ನೀನೊಬ್ಬನೇ.